ಮಾಗಿಯಲ್ಲಿ ಕಿಟಕಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಮಾಗಿಯ ಚಳಿ ಬಿದ್ದೊಡನೆ ನಾವು ಕಿಟಕಿಗಳನ್ನು ಮುಚ್ಚುವೆವು; ಮಾಳಿಗೆಮನೆಯಾದರೆ ಗವಾಕ್ಷಿಗೂ ಮುಚ್ಚಳ ಬೀಳುವುದು. ಒಲೆಯ ಹೊಗೆಯೂ ಮನೆಮಂದಿಯ ಉಸಿರೂ ಒಳಗೇ ಉಳಿಯುವುವು. ಇನ್ನು ಕದವಿಕ್ಕಿ, ಕೆಂಡದ ಅಗ್ಗಿಷ್ಟಿಕೆಯನ್ನು ಮಗ್ಗುಲಲ್ಲಿಟ್ಟು ಮಲಗುವವರ ಗತಿಯೇನು? ಕೆಂಡದಿಂದೇಳುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿಯೇ ಪ್ರಾಣಹೋಗುವುದುಂಟು. ಕಾಕ್ ಪಂಡಿತನು 1882ರಲ್ಲಿ ಕಂಡುಹಿಡಿದ ಕ್ಷಯದ ಕ್ರಿಮಿಯೂ ರೋಗಿಯ ಕೆಮ್ಮಿನಿಂದ ಹೊರಟು, ಮುಚ್ಚಿದ ಕೋಣೆಯಲ್ಲಿ ಬಹುಹೊತ್ತು ತೇಲುತ್ತಿರುವುದು.

ತೆರೆದರೆ ಮನೆ ತಣ್ಣಗಾದೀತೆಂಬ ಭಯ ನಮಗೂ ಇತ್ತು. ಆದರೆ ದಪ್ಪನಾದ ಮಣ್ಣಿನ ಗೋಡೆ ತನ್ನ ಕಾವನ್ನು ಬೇಗ ಬಿಡದು. ಬಿಸಿಲೇರಿದ ಮೇಲೆ ಎದುರುಬದುರಿನ ಕಿಟಕಿಗಳನ್ನು ಕಾಲು ಗಂಟೆ ತೆರೆದರೆ ಒಳಗಿನ ಗಾಳಿ ಬದಲಾಗುವುದು, ಗೋಡೆ ಬೆಚ್ಚಗೇ ಇರುವುದು. ರಾತ್ರಿ ಕೆಂಡವನ್ನು ಹೊರಗಿಟ್ಟು, ಗವಾಕ್ಷಿಯನ್ನಾದರೂ ನಾಲ್ಕು ಬೆರಳಷ್ಟು ತೆರೆದು ಮಲಗೋಣ.