ತಮ್ಮನ ಪಿಕಪ್ ಬ್ರೇಕ್ ಎರಡು ಸಲ ರಿಪೇರಿ ಆದ್ರೂ ಯಾಕೆ ಮೆತ್ತಗಾಗ್ತಿತ್ತು?

ಪುಣೆಯಲ್ಲಿರೋರಿಗೆ ಕಾತ್ರಜ್ ಹೊಸ ಟನಲ್ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯೋ ರಸ್ತೆ ಗೊತ್ತೇ ಇದೆ. 2022ರ ನವೆಂಬರ್‌ನಲ್ಲಿ ಅದೇ ಇಳಿಜಾರಿನಲ್ಲಿ ಒಂದು ಟ್ರಕ್ ಹತೋಟಿ ತಪ್ಪಿ ಹತ್ತಾರು ವಾಹನಗಳ ಅಪಘಾತ ಆಗಿತ್ತು. ಆ ರಸ್ತೆಯಲ್ಲಿ ನನ್ನ ತಮ್ಮ ವಾರಕ್ಕೆ ಎರಡು ಸಲ ಪಿಕಪ್ ಟ್ರಕ್ ಇಳಿಸ್ತಾನೆ. ಬೆಳಗಾವಿ ಕಡೆಯ ಗೆಣಸು, ಕೋಸು ತುಂಬಿಕೊಂಡು ಮಾರ್ಕೆಟ್ ಯಾರ್ಡಿಗೆ ಬರ್ತಾನೆ.

ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಅವನ ಫೋನ್. "ಅಣ್ಣಾ, ಪೆಡಲ್ ಮೆತ್ತಗ ಆಗೈತಿ. ಒತ್ತಿದ್ರ ತಳಕ್ಕ ಹೋಗಾಕತ್ತೈತಿ." ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ಪಕ್ಕಕ್ಕೆ ನಿಲ್ಲಿಸಿದ್ದ. ಅವನ ದನಿ ನಡುಗ್ತಿತ್ತು. ನನ್ನದೂ.

ಮರುದಿನ ಗ್ಯಾರೇಜಿನಲ್ಲಿ ನೋಡಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಮೆಕ್ಯಾನಿಕ್ "ಲೈನ್‌ನಾಗ ಗಾಳಿ ಹೊಕ್ಕೈತಿ" ಅಂದು ಬ್ಲೀಡ್ ಮಾಡಿ ಕಳಿಸಿದ. ಐದು ವಾರ ಸುಮ್ಮನಿತ್ತು, ಆಮೇಲೆ ಮತ್ತೆ ಅದೇ ಕತೆ. ಈ ಸಲ ಮಾಸ್ಟರ್ ಸಿಲಿಂಡರ್ ಬದಲಾಯಿಸಿದರು, 4,800 ರೂಪಾಯಿ. ಒಂದು ತಿಂಗಳು ಆರಾಮ. ಮೂರನೇ ಸಲ ಖಂಬಾಟ್ಕಿ ಟನಲ್ ಆಚೆಯ ಎಸ್ ತಿರುವಿನಲ್ಲಿ ಮೆತ್ತಗಾಯ್ತು. ಆವಾಗ ನಾನು ನಾಲ್ಕು ದಿನ ರಜೆ ಹಾಕಿದೆ.

ನಾನು ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸಿನಲ್ಲಿ. ಬ್ರೇಕ್ ಬಗ್ಗೆ ಗೊತ್ತಿದ್ದದ್ದು ಪಿಯುಸಿಯ ಪ್ಯಾಸ್ಕಲ್ ನಿಯಮ ಅಷ್ಟೇ. ಆದ್ರೆ ಒಂದು ವಿಷಯ ಮಾತ್ರ ಚೆನ್ನಾಗಿ ಗೊತ್ತಿತ್ತು. ಸರ್ವರ್ ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋದ ಬಗ್ ಸರಿಹೋಗಿರಲ್ಲ. ಬ್ಲೀಡ್ ಮಾಡೋದು ಇಲ್ಲಿ ರೀಸ್ಟಾರ್ಟ್ ಆಗಿತ್ತೇನೋ ಅನ್ನೋ ಅನುಮಾನ.

ಮೊದಲು ಕೇಳಬೇಕಾದ್ದು, "ಮೆತ್ತಗೆ" ಅಂದ್ರೆ ಏನು? ಕಾಲಿಟ್ಟು ಒತ್ತಿಯೇ ಹಿಡಿದಾಗ ಪೆಡಲ್ ನಿಧಾನವಾಗಿ ಇಳೀತಾ ಹೋದ್ರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ರೆ, ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಮೇಲೆ ಅನುಮಾನ. ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದ್ರೆ ಮೇಲೆ ಬಂದು ಗಟ್ಟಿಯಾಗಿ ನಿಂತ್ರೆ, ಹಿಂದಿನ ಶೂ ಮತ್ತು ಡ್ರಮ್ ನಡುವೆ ಅಂತರ ಜಾಸ್ತಿ ಇರಬಹುದು. ಸ್ಪಂಜಿನ ಹಾಗೆ ಇದ್ರೆ ದ್ರವದಲ್ಲಿ ಗಾಳಿಯೋ ಆವಿಯೋ ಇದೆ. ಎಣ್ಣೆ ಕುಗ್ಗಲ್ಲ, ಅವೆರಡೂ ಕುಗ್ತವೆ. ತಮ್ಮನದು ಸ್ಪಂಜ್. ಹಾಗಾದ್ರೆ ಗಾಳಿಯೋ, ಆವಿಯೋ?

ಇಲ್ಲಿ ಕೆಲಸಕ್ಕೆ ಬಂದದ್ದು ವಾಟ್ಸಾಪ್. ಪ್ರತಿ ಟ್ರಿಪ್ ಆದ ಮೇಲೆ ಅವನು ನನಗೆ ವಾಯ್ಸ್ ಮೆಸೇಜ್ ಕಳಿಸೋ ಅಭ್ಯಾಸ. ಏನು ತುಂಬಿದ, ಎಷ್ಟು ಚೀಲ, ಎಷ್ಟು ಹೊತ್ತಿಗೆ ತಲುಪಿದ ಅಂತ. ಮೂರು ತಿಂಗಳಿನದು ಕೂತು ಕೇಳಿ ಬರೆದುಕೊಂಡೆ. ಪೆಡಲ್ ಮೆತ್ತಗಾದ ಮೂರು ಟ್ರಿಪ್ಪೂ ಗೆಣಸಿನವು. ಉಪವಾಸದ ದಿನಗಳ ಮುಂಚೆ ಇಲ್ಲಿ ಗೆಣಸಿಗೆ ಬೇಡಿಕೆ, ಅವನು ಗಾಡಿ ಕಟ್ಟುಕಟ್ಟಾಗಿ ತುಂಬ್ತಾನೆ. ಮೂರೂ ಇಳಿಜಾರು ಮುಗಿಯೋ ಹೊತ್ತಿಗೆ. ನಡುವಿನ ವಾರಗಳಲ್ಲಿ ಕೋಸು, ಅರ್ಧ ಲೋಡು. ಅಂದ್ರೆ ಬ್ಲೀಡ್ ಮಾಡಿದ್ದಕ್ಕೆ ಸರಿಹೋಗಿರಲೇ ಇಲ್ಲ, ಗೆಣಸು ಇರಲಿಲ್ಲ ಅಷ್ಟೇ!

ಇನ್ನೊಂದು ಮೆಸೇಜಿನಲ್ಲಿ ಅವನೇ ಹೇಳಿದ್ದ, "ಚಾ ಕುಡದು ಬರೂದ್ರಾಗ ತಾನ ಗಟ್ಟಿ ಆತು." ಸಿಕ್ಕಿಹಾಕಿಕೊಂಡ ಗಾಳಿ ಚಹಾ ಕುಡಿಯೋಷ್ಟರಲ್ಲಿ ಹೊರಗೆ ಹೋಗಲ್ಲ. ಆವಿ ಮಾತ್ರ ತಣ್ಣಗಾದ್ರೆ ಮತ್ತೆ ದ್ರವ ಆಗತ್ತೆ. ಬ್ರೇಕ್ ದ್ರವ ಕುದೀತಿತ್ತು. ಡಾಟ್ 3 ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡ. ಅದು ಗಾಳಿಯ ತೇವ ಹೀರ್ಕೊಳ್ಳತ್ತೆ. ತೇವ ಹಿಡಿದ ಮೇಲೆ ಮಾನದಂಡ ಕೇಳೋದು 140 ಡಿಗ್ರಿ ಮಾತ್ರ. ಗ್ಯಾರೇಜಿನಲ್ಲಿ ದ್ರವದ ಡಬ್ಬಿ ಮುಚ್ಚಳ ಇಲ್ಲದೆ ಕೂತಿತ್ತು, ಫೋಟೋ ನನ್ನ ಹತ್ತಿರ ಇದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ದ್ರವ ಬದಲಾಯಿಸಿ, ವಿಡಿಯೋ ಮಾಡಿ, ಲೈಕ್ ಕೇಳಬಹುದಿತ್ತು. ಆದ್ರೆ ಇಷ್ಟು ಬಿಸಿ ಯಾಕೆ ಆಗ್ತಿದೆ? ಅದೇ ಮಾರ್ಕೆಟ್ಟಿಗೆ ಅದೇ ಮಾಡೆಲ್ ಗಾಡಿಗಳು ಹತ್ತಾರು ಬರ್ತವೆ.

ಕೊರೊನಾ ಕಾಲದ ಹಣೆ ನೋಡೋ ಥರ್ಮಾಮೀಟರ್ ಹಿಡಿದೆ, ಅದು ಎರರ್ ತೋರಿಸಿ ಸುಮ್ಮನಾಯ್ತು. ಫ್ಯಾಕ್ಟರಿಗಳಲ್ಲಿ ಬಳಸೋದನ್ನು ತರಿಸಿ ಮುಂದಿನ ಟ್ರಿಪ್ಪಿಗೆ ನಾನೇ ಜೊತೆಗೆ ಕೂತೆ. ಲೋಡ್ ಸ್ವಲ್ಪ ಕಮ್ಮಿ ಮಾಡಿಸಿ, ಮೂರನೇ ಗೇರಿನಲ್ಲೇ ಇಳಿಸಿದೆವು. ಕೆಳಗೆ ನಿಲ್ಲಿಸಿ ನೋಡಿದ್ರೆ ಮುಂದಿನ ಡಿಸ್ಕ್ 270 ಡಿಗ್ರಿ, ಹಿಂದಿನ ಡ್ರಮ್ 65. ಮುಂದಿನದು ಜಾಸ್ತಿ ಇರೋದು ಸಹಜ, ಆದ್ರೆ ಇಷ್ಟು ವ್ಯತ್ಯಾಸ? ತುಂಬಿದ ಗಾಡಿಯಲ್ಲಿ ಹಿಂದಿನ ಬ್ರೇಕ್ ಹೆಚ್ಚುಕಡಿಮೆ ರಜೆಯಲ್ಲಿತ್ತು.

ಮೆಕ್ಯಾನಿಕ್ ಡ್ರಮ್ ಬಿಚ್ಚಿದ. ಶೂ ಚೆನ್ನಾಗಿದೆ, ವೀಲ್ ಸಿಲಿಂಡರ್ ಒಣಗಿದೆ, ಸೋರಿಕೆ ಇಲ್ಲ. ಆಮೇಲೆ ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿದೆ. ಈ ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕು ಅಂತ ತೀರ್ಮಾನ ಮಾಡೋ ವಾಲ್ವ್ ಒಂದಿದೆ. ಎಲ್‌ಎಸ್‌ಪಿವಿ ಅಂತಾರೆ. ಅದರ ಕಡ್ಡಿ ಆಕ್ಸಲ್‌ಗೆ ಸೇರಿರತ್ತೆ. ಲೋಡ್ ತುಂಬಿ ಬಾಡಿ ಕೆಳಗೆ ಕೂತಾಗ ಕಡ್ಡಿ ಎದ್ದು ವಾಲ್ವ್ ಹೆಚ್ಚು ಒತ್ತಡ ಬಿಡತ್ತೆ. ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್ ಆಗಿ ಜಾರಬಾರದು ಅಂತ ಕಡಿಮೆ ಬಿಡತ್ತೆ. ಅಂದ್ರೆ ಅದು ತೂಕ ಅಳೆಯಲ್ಲ, ಎತ್ತರ ಅಳೆಯತ್ತೆ.

ಪಕ್ಕದಲ್ಲಿ ಅದೇ ಮಾಡೆಲ್ ಇನ್ನೊಂದು ಗಾಡಿ, ಅದೂ ಫುಲ್ ಲೋಡ್. ಎರಡರ ಕಡ್ಡಿಯ ಫೋಟೋ ತೆಗೆದು ಅಕ್ಕಪಕ್ಕ ಇಟ್ಟೆ. ಅವರದು ಮೇಲಕ್ಕೆ ಎದ್ದಿತ್ತು. ನಮ್ಮದು ಖಾಲಿ ಗಾಡಿಯ ಹಾಗೆ ಕೆಳಗೇ ಇತ್ತು. ಯಾಕಂದ್ರೆ ನಮ್ಮ ಗಾಡಿಯ ಹಿಂದೆ ಎರಡು ಪಟ್ಟಿ ಹೆಚ್ಚಿಗೆ ಹಾಕಿಸಿತ್ತು. ಲೀಫ್ ಸ್ಪ್ರಿಂಗ್ ಪಟ್ಟಿ. ಎಷ್ಟು ತುಂಬಿದ್ರೂ ಗಾಡಿ ಕೂರ್ತಾ ಇರಲಿಲ್ಲ. ವಾಲ್ವ್ ಪಾಲಿಗೆ ಗೆಣಸೇ ಇಲ್ಲ! ಇಡೀ ಹೊರೆ ಮುಂದಿನ ಡಿಸ್ಕ್‌ಗಳ ಮೇಲೆ.

ಆ ಪಟ್ಟಿ ಹಾಕಿಸಿದ್ದು ತಮ್ಮ. ಹಾಕಿಸು ಅಂದಿದ್ದು ನಾನು. ಗಾಡಿ ಸಾಲಕ್ಕೆ ಸಹಿ ಹಾಕಿದ ದಿನ ಹಿಂಜೇವಾಡಿ ಆಫೀಸಿನಲ್ಲಿ ಕೂತು ಎಕ್ಸೆಲ್ ಮಾಡಿದ್ದೆ. ಟ್ರಿಪ್ಪಿಗೆ 400 ಕೆಜಿ ಜಾಸ್ತಿ ಹಾಕಿದ್ರೆ ಇಎಂಐ ಸಲೀಸು ಅಂತ. ಆ ಶೀಟಿನಲ್ಲಿ ಘಾಟಿಗೆ ಕಾಲಂ ಇರಲಿಲ್ಲ.

ಪಟ್ಟಿ ತೆಗೆಸೋಣ ಅಂದಾಗ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಂತು ನೀ ಕಟ್ಟತಿ?" ಅಂದ. ಕೇಳೋದರಲ್ಲಿ ತಪ್ಪಿಲ್ಲ. ವಾಲ್ವಿನ ಕಡ್ಡಿಯನ್ನೇ ಮೇಲೆ ಕಟ್ಟಿಬಿಡೋಣ ಅಂತಲೂ ಗ್ಯಾರೇಜಿನಲ್ಲಿ ಒಬ್ಬರು ಹೇಳಿದ್ರು. ಹಾಗೆ ಮಾಡಿದ್ರೆ ಖಾಲಿ ಬರುವಾಗ ಮಳೆಯಲ್ಲಿ ಹಿಂದಿನ ಚಕ್ರ ಜಾರತ್ತೆ. ಬೇಡ ಅಂದೆ. ಪಟ್ಟಿ ತೆಗೆಸಿ, ವಾಲ್ವ್ ಕಂಪನಿ ಅಳತೆಗೆ ಸೆಟ್ ಮಾಡಿಸಿ, ಸೀಲ್ ಒಡೆಯದ ಡಬ್ಬಿಯಿಂದ ದ್ರವ ಪೂರ್ತಿ ಬದಲಾಯಿಸಿದೆವು. ಬಿಚ್ಚೋ ಕೆಲಸ ಎಲ್ಲಾ ಮೆಕ್ಯಾನಿಕ್‌ದೇ, ನೀವೂ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಕಂತಿನಲ್ಲಿ ತಿಂಗಳಿಗೆ 3,500 ನಾನು ಹಾಕ್ತೀನಿ.

ಥರ್ಮಾಮೀಟರ್ ಈಗ ಅವನ ಡ್ಯಾಶ್‌ಬೋರ್ಡಿನಲ್ಲಿದೆ. ಹೋದ ಏಕಾದಶಿ ಮುಂಚೆ ಬೆಳಿಗ್ಗೆ ಐದಕ್ಕೆ ಬಂದ ಮೆಸೇಜ್: "ಮುಂದ 150, ಹಿಂದ 110. ಪೆಡಲ್ ಗಟ್ಟಿ. ಗೆಣಸಿನ ರೇಟ್ ಬಿದ್ದೈತಿ."