ಸತ್ಯವೂ ಸಂಧಾನವೂ



ಅನ್ನವನ್ನಿಕ್ಕಿ ಅಕ್ಷರವನ್ನು ಕಲಿಸುವುದು ಮಠಗಳ ಹಿರಿಯ ಧರ್ಮವೆಂಬುದು ಈ ಸಭೆಗೆ ತಿಳಿದುದೇ ಆಗಿದೆ. ಆದರೆ ಆ ಅನ್ನಾಕ್ಷರಗಳ ಹೆಸರಿನಲ್ಲಿಯೇ ಘೋರವಾದ ಅನ್ಯಾಯವು ನಡೆದುದುಂಟು. ಕೆನಡಾ ದೇಶದ ಇತಿಹಾಸವು ಅದಕ್ಕೆ ಸಾಕ್ಷಿ.

ಆ ನೆಲದ ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಗಳಿಂದ ಅಗಲಿಸಿ ವಸತಿಶಾಲೆಗಳಲ್ಲಿರಿಸುವ ಪದ್ಧತಿಯನ್ನು ಅಲ್ಲಿಯ ಸರಕಾರವು ೧೮೮೩ರಿಂದ ಬೆಳೆಯಿಸಿತು. ದ್ರವ್ಯವು ಸರಕಾರದ್ದು, ಆಡಳಿತವು ಬಹುಮಟ್ಟಿಗೆ ಕ್ರೈಸ್ತ ಸಂಸ್ಥೆಗಳದು. ೧೯೨೦ರಲ್ಲಿ ಕಾಯಿದೆಯೇ ೭ರಿಂದ ೧೫ ವಯಸ್ಸಿನ ಮಕ್ಕಳ ಮೇಲೆ ಬಲಾತ್ಕಾರವನ್ನು ಹೊರಿಸಿತು. ಒಟ್ಟು ೧,೫೦,೦೦೦ಕ್ಕೂ ಮಿಕ್ಕ ಮಕ್ಕಳು ಈ ಶಾಲೆಗಳನ್ನು ಹೊಕ್ಕರು. ತಾಯ್ನುಡಿಯನ್ನಾಡಿದರೆ ದಂಡನೆ, ಜಡೆಗೆ ಕತ್ತರಿ, ಎಷ್ಟೋ ಕಡೆ ಹೆಸರಿಗೆ ಬದಲಾಗಿ ಅಂಕೆ. ಕ್ಷಯಾದಿ ರೋಗಗಳಿಂದಲೂ ಅಲಕ್ಷ್ಯದಿಂದಲೂ ಮಡಿದವರಲ್ಲಿ ದಾಖಲೆಗೆ ಬಂದವರೇ ೪,೦೦೦ಕ್ಕೆ ಮೇಲ್ಪಟ್ಟಿದ್ದಾರೆ. ೧೯೯೦ರ ದಶಕದವರೆಗೂ ಇಂಥ ಶಾಲೆಗಳು ಉಳಿದಿದ್ದವು.

೨೦೦೮ರಲ್ಲಿ ಪ್ರಧಾನಮಂತ್ರಿಯು ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದನು. ಮೂಲನಿವಾಸಿ ಕುಲದ ನ್ಯಾಯಾಧೀಶ ಮರ್ರೆ ಸಿಂಕ್ಲೇರ್ ಅವರ ಅಧ್ಯಕ್ಷತೆಯಲ್ಲಿ ಸತ್ಯಸಂಧಾನ ಆಯೋಗವು ಬದುಕುಳಿದವರ ಮಾತನ್ನು ಕೇಳಿ, ೨೦೧೫ರಲ್ಲಿ ೯೪ ಕರೆಗಳನ್ನು ಕೊಟ್ಟಿತು. ಈ ಇತಿಹಾಸವನ್ನೂ, ಹಳೆಯ ಒಪ್ಪಂದಗಳನ್ನೂ, ಮೂಲನಿವಾಸಿಗಳ ಕೊಡುಗೆಯನ್ನೂ ಎಲ್ಲ ತರಗತಿಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂಬುದು ೬೨ನೆಯ ಕರೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ೨೦೨೩-೨೪ರ ಶಾಲಾವರ್ಷದಿಂದ ಇಂಥ ಪಾಠವನ್ನು ಮುಗಿಸದೆ ಹೈಸ್ಕೂಲಿನ ಪದವಿ ದೊರೆಯದು.

ಹಿರಿಯರ ದೋಷವನ್ನು ಎಳೆಯರ ಮೇಲೆ ಹೊರಿಸುವುದೇಕೆಂದು ಕೆಲವರು ಕೇಳಬಹುದು. ಪಾಪವನ್ನು ಹೊರಿಸುವುದಲ್ಲ, ಮರೆವನ್ನು ಕಳೆಯುವುದೇ ಈ ಪಾಠದ ಗುರಿ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನಿಗೆ ತಾನು ನಿಂತ ನೆಲದ ಕಥೆ ತಿಳಿಯುವುದು. ಮತ್ತೊಬ್ಬನಿಗೆ ತನ್ನ ಅಜ್ಜಿಯ ಮೌನದ ಅರ್ಥ ತಿಳಿಯುವುದು. ಶಾಲೆಯೇ ಮಾಡಿದ ಗಾಯಕ್ಕೆ ಶಾಲೆಯೇ ಔಷಧವನ್ನು ತರಬೇಕಾದುದು ನ್ಯಾಯ. ಆದರೆ ಪರೀಕ್ಷೆಯ ಅಂಕಗಳಿಂದಲೇ ಸಂಧಾನವಾಗದು; ಕಸಿದುಕೊಂಡುದನ್ನು ಹಿಂದಿರುಗಿಸಿದಾಗಲೇ ಕ್ಷಮೆಯ ಮಾತು ನಿಜವಾಗುವುದು.

ಆ ಶಾಲೆಗಳನ್ನು ನಡೆಸಿದವರಲ್ಲಿ ಹಲವರು ತಾವು ಪುಣ್ಯಕಾರ್ಯವನ್ನೇ ಮಾಡುತ್ತಿರುವೆವೆಂದು ನಂಬಿದ್ದರು. ೨೦೨೨ರಲ್ಲಿ ಪೋಪ್ ಫ್ರಾನ್ಸಿಸರೇ ಆ ದೇಶಕ್ಕೆ ಹೋಗಿ ಕ್ಷಮೆ ಬೇಡಬೇಕಾಯಿತು. ಆದುದರಿಂದ ದಾಸೋಹವನ್ನೂ ವಿದ್ಯಾರ್ಥಿನಿಲಯವನ್ನೂ ನಡೆಸುವ ಪ್ರತಿಯೊಂದು ಧರ್ಮಸಂಸ್ಥೆಯೂ ತನ್ನನ್ನು ತಾನು ಕೇಳಿಕೊಳ್ಳತಕ್ಕುದು: ಬಾಗಿಲಿಗೆ ಬಂದ ಮಗುವಿಗೆ ಕೊಟ್ಟುದೇನು? ಕೊಡುವಾಗ ಅದರ ಮನೆಯ ಮಾತನ್ನೂ ಮಾನವನ್ನೂ ಕಸಿದುಕೊಂಡುದುಂಟೆ? ಈ ಪ್ರಶ್ನೆಗೆ ಅಂಜದ ದಾಸೋಹವೇ ದಾಸೋಹ.