ಬಿಸಿನೀರಿಗೂ ಬಗ್ಗದ ಜಿಡ್ಡು

ಖಾಲಿ ಹೊಟ್ಟೆಗೆ ಬಿಸಿನೀರು ಕುಡಿದರೆ ಬೊಜ್ಜು ಕರಗುತ್ತದೆಯೇ? ಬೋಂಡಾ ತಿಂದ ಮೇಲೆ ತಣ್ಣೀರು ಕುಡಿದರೆ ಎಣ್ಣೆ ಒಳಗೇ ಹೆಪ್ಪುಗಟ್ಟುತ್ತದೆಯೇ? ಕೇಳುಗರ ಪತ್ರಗಳಲ್ಲಿ ಈ ಎರಡು ಪ್ರಶ್ನೆಗಳು ತಪ್ಪುವುದೇ ಇಲ್ಲ. ಎರಡಕ್ಕೂ ಉತ್ತರ ಒಂದೇ: ಇಲ್ಲ. ನಿಂಬೆ ಹಿಂಡಿ ಜೇನು ಬೆರೆಸಿದರೂ ಉತ್ತರ ಬದಲಾಗದು. ಕುಡಿದ ನೀರು ಬಿಸಿಯಿರಲಿ, ತಣ್ಣಗಿರಲಿ, ಸ್ವಲ್ಪ ಹೊತ್ತಿನಲ್ಲೇ ಮೈಯ 37 ಡಿಗ್ರಿಗೆ ಬಂದು ನಿಲ್ಲುತ್ತದೆ. ನಮ್ಮ ಮನೆಯಲ್ಲೇ ಹಿರಿಯರೊಬ್ಬರು ಹೋಳಿಗೆ ಊಟದ ಮೇಲೆ ಒಂದು ಚೊಂಬು ಬಿಸಿನೀರು ಕುಡಿಯುತ್ತಾರೆ. ತೇಗು ಬಂದೀತು, ತುಪ್ಪ ಎಲ್ಲಿಗೂ ಹೋಗದು.

ಎಣ್ಣೆಗೆ ನೀರೆಂದರೆ ಆಗದು ಎಂಬ ಮಾತೂ ಸುಳ್ಳು. ಲಂಡನ್ನಿನ ಕ್ಲಾಪಮ್ ಕೊಳಕ್ಕೆ ಸುರಿದ ಒಂದು ಟೀ ಚಮಚ ಎಣ್ಣೆ ಸುಮಾರು ಅರ್ಧ ಎಕರೆಯಷ್ಟು ಹರಡಿತೆಂದು ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲಿ ಪ್ರಕಟವಾದ ಬರಹದಲ್ಲಿ ಹೇಳಿದ್ದಾರೆ. ಆಗದಿದ್ದರೆ ಹಾಗೆ ಹಾಸಿಕೊಳ್ಳುತ್ತಿತ್ತೇ?

ಎಣ್ಣೆಯೊಡನೆ ಬೆರೆಯದ ಹಟವೆಲ್ಲ ನೀರಿನದು. ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆ ತುಸು ಋಣ ವಿದ್ಯುದಾವೇಶ, ಹೈಡ್ರೋಜನ್ ಕಡೆ ತುಸು ಧನ. ಹೀಗಾಗಿ ಅಣುಗಳು ಒಂದನ್ನೊಂದು ಹಿಡಿದುಕೊಂಡೇ ಓಡಾಡುತ್ತವೆ. ಉಪ್ಪು, ಸಕ್ಕರೆ ಬಂದರೆ ಅವಕ್ಕೂ ಕೈಚಾಚುತ್ತವೆ. ಎಣ್ಣೆಯ ಉದ್ದನೆಯ ಇಂಗಾಲದ ಸರಪಳಿಯಲ್ಲಿ ಹಿಡಿಯಲು ಏನೂ ಇಲ್ಲ. ಅದರ ಸುತ್ತ ನಿಂತ ನೀರು ತನ್ನವರ ಹಿಡಿತ ಉಳಿಸಿಕೊಳ್ಳಲು ಒಂದೇ ಭಂಗಿಯಲ್ಲಿ ಕಟ್ಟುಬೀಳುತ್ತದೆ. ಎಣ್ಣೆ ಒಂದೆಡೆ ಗುಂಪಾದಷ್ಟೂ ಹೀಗೆ ಕಟ್ಟುಬೀಳುವ ನೀರು ಕಡಿಮೆ. ಸಾರಿನ ಮೇಲೆ ತೇಲುವ ಒಗ್ಗರಣೆಯ ಎರಡು ಎಣ್ಣೆಹನಿಗಳನ್ನು ಚಮಚದ ತುದಿಯಿಂದ ಹತ್ತಿರ ತಂದರೆ ಸರ್ರನೆ ಒಂದಾಗುತ್ತವಲ್ಲ, ಅದರ ಹಿಂದೆಯೂ ಇದೇ ಇದೆ. ಮತ್ತೆ ಹೇಳಬೇಕು: ಎಣ್ಣೆ ನೀರನ್ನು ತಳ್ಳುವುದಿಲ್ಲ, ನೀರು ತನ್ನವರನ್ನು ಬಿಡುವುದಿಲ್ಲ.

ಉಂಡ ಜಿಡ್ಡಿನ ಗತಿಯೇನು? ಪಿತ್ತರಸದ ಲವಣಗಳಿಗೆ ಒಂದು ಮುಖ ಎಣ್ಣೆಗೆ ಒಗ್ಗುವಂಥದ್ದು, ಇನ್ನೊಂದು ನೀರಿಗೆ. ಸಣ್ಣಕರುಳಿನಲ್ಲಿ ಅವು ಜಿಡ್ಡನ್ನು ನುಣ್ಣನೆ ಹನಿಗಳಾಗಿಸುತ್ತವೆ, ಲೈಪೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಸೊಂಟದ ಬೊಜ್ಜು ಇರುವುದು ಜೀವಕೋಶಗಳೊಳಗೆ. ಮೈಗೆ ಶಕ್ತಿ ಸಾಲದಾದಾಗ ಮಾತ್ರ ಅದು ಖರ್ಚಾಗುತ್ತದೆ.

ಹೊತ್ತು ಮೀರಿತು, ಆದರೂ ಇದೊಂದನ್ನು ಬಿಡುವಂತಿಲ್ಲ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಎಣ್ಣೆಗಿಂತ ಭಾರದ ನೀರು ತಳಕ್ಕಿಳಿದು, ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಅಡುಗೆಮನೆಯ ತುಂಬ ಚಿಮ್ಮಿಸುತ್ತದೆ. ಒಲೆ ಆರಿಸಿ, ಅಗಲವಾದ ಸ್ಟೀಲ್ ತಟ್ಟೆ ಮುಚ್ಚಿ. ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ.